ರಣಹದ್ದಿನ ಮೇಲಿನ ದೂರು

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ತೇಲುತ್ತಿದ್ದರೆ ಕೆಳಗೆ ನಿಂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಇದು ಮೇಕೆಮರಿ ಎತ್ಕೊಂಡು ಹೋಗಲ್ವಾ?" ಕೇಳಿದವರದು ತಪ್ಪಲ್ಲ. ಏಳಡಿ ಅಗಲದ ರೆಕ್ಕೆ, ಬಾಗಿದ ಕೊಕ್ಕು, ಬೋಳು ಕತ್ತು. ಕೂತರಂತೂ ಸಾಲ ವಸೂಲಿಗೆ ಬಂದವನ ಠೀವಿ. ಅನುಮಾನ ಬರದೆ ಇನ್ನೇನು?

ಮುಖ ನೋಡಿದ್ದು ಸಾಕು, ಕಾಲು ನೋಡಬೇಕು. ಗರುಡಕ್ಕೆ ಇರುವ ಚೂಪು ಉಗುರಾಗಲಿ, ಹಿಡಿದದ್ದನ್ನು ಬಿಡದ ಬಲವಾಗಲಿ ಇದಕ್ಕಿಲ್ಲ. ಇವು ನೆಲದಲ್ಲಿ ನಡೆಯಲು, ಹೆಣದ ಮೇಲೆ ನಿಲ್ಲಲು ಆದ ಕಾಲು. ಮೇಕೆಮರಿಯನ್ನು ಎತ್ತುವುದು ದೂರದ ಮಾತು. ವಾಲ್ಮೀಕಿಯ ಜಟಾಯು ಕಾಲಿನಿಂದಲೇ ರಾವಣನ ಬಿಲ್ಲು ಮುರಿದನಂತೆ. ಕವಿಗೆ ಅಷ್ಟು ಸಲಿಗೆ ಇರಲಿ ಬಿಡಿ.

ನಮ್ಮಲ್ಲಿ ಕೇಡಾದದ್ದು ತಿರುವುಮುರುವಾಗಿ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹಕ್ಕಿಯ ಮೂತ್ರಪಿಂಡವನ್ನೇ ಕೆಡಿಸಿತು. ಆಂಥ್ರಾಕ್ಸ್ ತಗುಲಿದ ಹೆಣವನ್ನೂ ಅರಗಿಸಿಕೊಳ್ಳುವ ಹೊಟ್ಟೆ ಒಂದು ಇಂಜೆಕ್ಷನ್ನಿಗೆ ಸೋತಿತು! ದನಕರುಗಳಿಗೆ ಆ ಮದ್ದು ಕೊಡುವುದನ್ನು ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಮೂರು ಮುಖ್ಯ ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಕ್ಕಿಗಳು ಹೋಗಿದ್ದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಸಂಸಾರ ಅದನ್ನು ತುಂಬಿಸುವುದು ಯಾವಾಗ?

ಹಾಗೆಂದು ಕುಲಕ್ಕೆಲ್ಲ ಸಾಧುಪಟ್ಟ ಕಟ್ಟುವಂತಿಲ್ಲ. ಹುಚ್ಚು ದನ ರೋಗದ ಭಯದಲ್ಲಿ ಯುರೋಪು ಸತ್ತ ದನಗಳನ್ನು ಬಯಲಿಗೆ ಹಾಕಬಾರದೆಂದು ಕಟ್ಟುನಿಟ್ಟು ಮಾಡಿತು. ಸ್ಪೇನಿನ ರಣಹದ್ದುಗಳಿಗೆ ಊಟ ತಪ್ಪಿತು. ಆಮೇಲೆ ಈಯುವ ಹಸುವಿಗೆ ಮುತ್ತಿಗೆ ಹಾಕಿದವು, ಕರು ತಿಂದವು ಎಂದು ರೈತರ ದೂರುಗಳು ಏರತೊಡಗಿದವು. ವಿಚಾರಿಸಿದರೆ ಹೆಚ್ಚಿನವಕ್ಕೆ ಪುರಾವೆ ಸಿಗಲಿಲ್ಲ. ಎಷ್ಟೋ ಕಡೆ ಕರು ಮೊದಲೇ ಸತ್ತಿರುತ್ತದೆ, ಹೆಣದ ಮೇಲೆ ಕೂತದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಉಳಿದ ಕೆಲವು ದೂರುಗಳನ್ನು ಮಾತ್ರ ತಳ್ಳಿಹಾಕಲಾಗದು. ಈಯುವ ಹೊತ್ತಿಗೆ ಏಳಲಾರದೆ ಬಿದ್ದ ಹಸು ಹಸಿದವರ ಕಣ್ಣಿಗೆ ಹೆಣದಂತೆಯೇ ಕಂಡೀತು.

ನಿಜವಾದ ಪುಂಡ ಇರುವುದು ಅಮೆರಿಕದಲ್ಲಿ, ಕಪ್ಪು ರಣಹದ್ದು. ಗಾತ್ರದಲ್ಲಿ ನಮ್ಮದಕ್ಕಿಂತ ಚಿಕ್ಕದು, ಧೈರ್ಯ ದೊಡ್ಡದು. ಗುಂಪಾಗಿ ಬಂದು ಆಗತಾನೇ ಹುಟ್ಟಿದ ಕರುವಿನ ಕಣ್ಣು, ನಾಲಿಗೆಗೆ ಕುಕ್ಕುತ್ತದೆ. ಕೊಲ್ಲೋಣವೆಂದರೆ ಕಾನೂನು ಕಾಯುತ್ತದೆ, ಪರವಾನಗಿ ಬೇಕು. ಆದ್ದರಿಂದ ಅಲ್ಲಿನವರು ಇನ್ನೊಂದು ಉಪಾಯ ಹಿಡಿದಿದ್ದಾರೆ. ಸತ್ತ ರಣಹದ್ದನ್ನೋ ಅದರ ಬೊಂಬೆಯನ್ನೋ ತಲೆಕೆಳಗಾಗಿ ಮರಕ್ಕೆ ತೂಗುಹಾಕುತ್ತಾರೆ. ಊರೆಲ್ಲರ ಹೆಣಕ್ಕೆ ಹಾಜರಾಗುವ ಹಕ್ಕಿ, ತನ್ನವರ ಹೆಣ ಕಂಡೊಡನೆ ಜಾಗ ಖಾಲಿ ಮಾಡುತ್ತದೆ.