ಮೈಮೇಲೆ ತಾನೇ ಇರುತ್ತೆ!

ನಮ್ಮ ಬಡಾವಣೆಯ ವಾಕಿಂಗ್ ಕ್ಲಬ್ಬಿನಲ್ಲಿ ವಾಕಿಂಗಿಗಿಂತ ಕಾಫಿ ಜಾಸ್ತಿ. ಹಾಗಾಗಿ ಡಿಸೆಂಬರಿನ ಒಂದು ಭಾನುವಾರ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ಗುಹೆಯೊಳಗೆ ನುಗ್ಗೋಣ ಅಂದಾಗ, ಇದೂ ಬಾಯಿಮಾತೇ ಇರಬೇಕು ಅಂತ ನಾನೂ ಕೈ ಎತ್ತಿಬಿಟ್ಟೆ.

ಹಿಂದಿನ ರಾತ್ರಿ ಟೀವಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರು. ಕುಸಿದದ್ದು ಅಲ್ಲಿ, ಭಾರ ಬಿದ್ದದ್ದು ನನ್ನ ಮೇಲೆ. ಬನಿಯನ್, ಶರ್ಟು, ಸ್ವೆಟರು, ಜರ್ಕಿನ್ನು, ಎಲ್ಲದರ ಮೇಲೆ ಮಗನ ಹಳದಿ ರೇನ್‌ಕೋಟು. ತಲೆಗೆ ಮಂಕಿ ಕ್ಯಾಪು.

"ಇಷ್ಟೊಂದು ಯಾಕೆ?" ಅಂದೆ.

"ಮೈಮೇಲೆ ತಾನೇ ಇರುತ್ತೆ, ಹೊರೋದೇನಿದೆ?" ಅಂದಳು ಹೆಂಡತಿ. ರೇನ್‌ಕೋಟಿನ ಜೇಬಿಗೆ ಒಂದು ಪೊಟ್ಟಣ ಕೋಡುಬಳೆಯನ್ನೂ ತುರುಕಿದಳು.

ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಅಷ್ಟೆ. ಆದರೆ ನಡುವೆ ಹೊಸಕೋಟೆ ಇದೆಯಲ್ಲ! ಕತ್ತಲು ಹರಿಯುವ ಮುಂಚೆಯೇ ಅಲ್ಲಿ ಬಿರಿಯಾನಿಗೆ ಕ್ಯೂ. ಅರ್ಧ ಕ್ಲಬ್ಬು ಆ ಕ್ಯೂನಲ್ಲಿ ನಿಂತಿತು, ಉಳಿದರ್ಧ ವ್ಯಾನಿನಲ್ಲಿ ಮೂಗು ಮುಚ್ಚಿಕೊಂಡು ಕೂತಿತು. ದಾರಿಯುದ್ದಕ್ಕೂ ಮಂಜು. ಕೋಲಾರ ಮುಟ್ಟುವ ಹೊತ್ತಿಗೆ ಯಾರೋ ಸ್ವಿಚ್ ಒತ್ತಿದ ಹಾಗೆ ಚುರುಚುರು ಬಿಸಿಲು.

ಮೆಟ್ಟಿಲು ಹತ್ತಿ ಕಾಶಿ ವಿಶ್ವೇಶ್ವರನ ಗುಡಿ ಸೇರುವಷ್ಟರಲ್ಲಿ ನಾನು ಒಳಗಿಂದೊಳಗೇ ಬೆಂದಿದ್ದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತದೆ. ಅಷ್ಟೇ ನೀರು ನನ್ನ ಬೆನ್ನಿನ ಮೇಲೂ ಹರಿಯುತ್ತಿತ್ತು. ಬಿಚ್ಚೋಣ ಅಂದರೆ ಕೈಯಲ್ಲಿ ಹಿಡಿಯಬೇಕು. ಅಂತರಗಂಗೆಯಲ್ಲಿ ಕೈಯಲ್ಲಿರುವುದೆಲ್ಲ ಕೋತಿಗಳ ಸೊತ್ತು. ಸುಮ್ನೆ ಹಾಕಿಕೊಂಡೇ ಹತ್ತಿದೆ.

ಗುಡಿಯ ಮೇಲಕ್ಕೆ ಬರೀ ಬಂಡೆ. ಮನೆಯಷ್ಟು ದಪ್ಪದ ಗುಂಡುಗಳು ಒಂದರ ಮೇಲೊಂದು ಉರುಳಿ ಬಿದ್ದು, ಆ ಸಂದುಗಳೇ ಗುಹೆ. ಊರಿನ ಹುಡುಗನೊಬ್ಬ ಟಾರ್ಚು ಹಿಡಿದು ಮುಂದೆ ಹೋದ. ಎಪ್ಪತ್ತರ ಆಂಟಿಯೊಬ್ಬರು ಸೆರಗು ಸಿಕ್ಕಿಸಿಕೊಂಡು ಸೂಜಿಯೊಳಗೆ ದಾರ ಹೋದ ಹಾಗೆ ತೂರಿಹೋದರು. ಆಮೇಲೆ ನಾನು.

ತಲೆ ಹೋಯಿತು, ಒಂದು ಭುಜ ಹೋಯಿತು. ಅಲ್ಲಿಗೆ ನಿಂತಿತು. ಹಣೆಗೆ ತಣ್ಣನೆಯ ಬಂಡೆ, ಮೂಗಿಗೆ ಬಾವಲಿಯ ವಾಸನೆ. ಅಲುಗಾಡಿದರೆ ರೇನ್‌ಕೋಟು ಚರಚರ ಅನ್ನುತ್ತದೆ, ಜರ್ಕಿನ್ನಿನ ಜಿಪ್ಪು ಹೊಟ್ಟೆಗೆ ಒತ್ತುತ್ತದೆ.

"ಉಸಿರು ಬಿಡಿ ಸಾರ್," ಅಂದ ಹುಡುಗ.

ಬಿಟ್ಟೆ. ಹೊಟ್ಟೆ ಒಳಗೆ ಹೋಯಿತು, ಸ್ವೆಟರು ಹೋಗಲಿಲ್ಲ.

"ದಪ್ಪ ಇರೋದು ಇವರೋ, ಬಟ್ಟೆಯೋ?" ಅಂತ ಒಳಗಿನಿಂದ ಆಂಟಿ ಕೇಳಿದರು. ನಿಜ ಹೇಳಬೇಕೆಂದರೆ ಉತ್ತರ ನನಗೂ ಖಚಿತವಿರಲಿಲ್ಲ.

ಕೊನೆಗೆ ಹಿಂದಿದ್ದವರು ಕಾಲು ಹಿಡಿದು ಹೊರಗೆಳೆದರು. ರೇನ್‌ಕೋಟು, ಜರ್ಕಿನ್ನು, ಸ್ವೆಟರು ಮೂರನ್ನೂ ಬಂಡೆಯ ಮೇಲೆ ಗುಡ್ಡೆ ಹಾಕಿ, ಶರ್ಟಿನಲ್ಲಿ ಸಲೀಸಾಗಿ ನುಸುಳಿದೆ. ಒಳಗೆ ಕೈಕಾಲು ಊರಿ ತೆವಳಿದ್ದು, ಮಂಡಿ ತರಚಿದ್ದು ಎಲ್ಲ ಆಯಿತು.

ಸುತ್ತಿ ಬಳಸಿ ಅದೇ ಬಂಡೆಗೆ ವಾಪಸ್ ಬಂದರೆ, ಎರಡು ಕೋತಿಗಳು ಹಳದಿ ರೇನ್‌ಕೋಟಿನ ಎರಡು ತೋಳು ಹಿಡಿದು ಜಗ್ಗುತ್ತಿದ್ದವು. ಮೂರನೆಯದು ಪಕ್ಕದಲ್ಲಿ ಕೂತು ಕೋಡುಬಳೆ ಮುರಿಯುತ್ತಿತ್ತು. ಕರುಂ ಅನ್ನುವ ಸದ್ದು ನನಗೆ ಕೇಳಿಸಿತು. "ಹುಶ್!" ಅಂದೆ. ರೇನ್‌ಕೋಟು ಎರಡಾಗಿ ಬಂಡೆಯ ಸಂದಿಗೆ ಬಿತ್ತು.

ಆಗ ಮಳೆ ಶುರುವಾಯಿತು.

ಸ್ವೆಟರು ಹಾಕಿಕೊಂಡೆ. ನೆಂದ ಉಣ್ಣೆ ಎಳೆಗರುವಿನಷ್ಟು ತೂಗುತ್ತದೆ, ಗೊತ್ತಾ? ಮೆಟ್ಟಿಲಿಳಿಯುವಾಗ ಅದು ಮೊಣಕಾಲಿನವರೆಗೆ ಜೋತಿತ್ತು. ವ್ಯಾನು ಹತ್ತಿದ್ದೇ ತಡ, ಮತ್ತೆ ಬಿಸಿಲು.

ಬರುವಾಗ ದಾರಿಯಲ್ಲಿ ಎರಡು ಕಿಲೋ ಅವರೆಕಾಯಿ ಕೊಂಡೆ. ಮನೆಯ ಬಾಗಿಲಲ್ಲೇ ಚೀಲ ಮುಂದೆ ಹಿಡಿದು, "ಸೊಗಡು ನೋಡು, ಕೈಗೆಲ್ಲ ಅಂಟುತ್ತೆ!" ಅಂದೆ.

ಅವಳು ಒಂದು ಕಾಯಿ ಮುರಿದು ಮೂಸಿದಳು. "ಚೆನ್ನಾಗಿದೆ ರೀ," ಅಂದಳು. "ರೇನ್‌ಕೋಟ್ ಎಲ್ಲಿ?"