‘ಪರವಾಗಿಲ್ಲ ಸರ್’ ಅನ್ನೋದು ಬಿಡಿ

ಕ್ಯಾನ್ಸರ್ ರೋಗಿಗಳು ಡಾಕ್ಟರ್ ಹತ್ತಿರ ಜಾಸ್ತಿ ಪ್ರಶ್ನೆ ಕೇಳಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಸರಿ. ಆದರೆ ನಮ್ಮವರು ಕೇಳುವುದಿರಲಿ, ಇರುವುದನ್ನೇ ಹೇಳುವುದಿಲ್ಲ. ಕಿಮೋ ನಡೆಯುತ್ತಿದ್ದಾಗ ನಮ್ಮ ಚಿಕ್ಕಮ್ಮನಿಗೆ ರಾತ್ರಿಯೆಲ್ಲ ವಾಂತಿ, ಬಾಯಿ ತುಂಬ ಹುಣ್ಣು. ಬೆಳಗ್ಗೆ ಡಾಕ್ಟರ್ ಕೇಳಿದರೆ ‘ಪರವಾಗಿಲ್ಲ ಸರ್’. ಎಲ್ಲಿ ಔಷಧಿ ನಿಲ್ಲಿಸಿಬಿಡುತ್ತಾರೋ ಅನ್ನೋ ಭಯ. ಅದೂ ಅರ್ಧ ಉತ್ತರ ಚಿಕ್ಕಪ್ಪನದೇ!

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಅನ್ನೋ ಕ್ಯಾನ್ಸರ್ ವೈದ್ಯರ ತಂಡ, ತೊಂದರೆ ಹೇಳಿಕೊಂಡರೆ ಏನು ಲಾಭ ಅಂತ 766 ರೋಗಿಗಳ ಮೇಲೆ ಅಧ್ಯಯನ ಮಾಡಿತ್ತು. ಎಲ್ಲರದೂ ದೇಹದ ಬೇರೆ ಭಾಗಗಳಿಗೆ ಹರಡಿದ ಕ್ಯಾನ್ಸರ್. ಒಂದು ಗುಂಪಿನವರು ನೋವು, ವಾಂತಿ, ಸುಸ್ತು ಎಷ್ಟಿದೆ ಅಂತ ಕಂಪ್ಯೂಟರಿನಲ್ಲಿ ತಾವೇ ತುಂಬುತ್ತಿದ್ದರು. ಜಾಸ್ತಿಯಾದರೆ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಗುಂಪಿನ ಅರ್ಧದಷ್ಟು ಜನ 31.2 ತಿಂಗಳಿಗಿಂತ ಜಾಸ್ತಿ ಬದುಕಿದರು. ಮಾಮೂಲಿ ಆರೈಕೆಯವರಲ್ಲಿ ಅದು 26 ತಿಂಗಳು. ಹೊಸ ಮದ್ದೇನೂ ಇಲ್ಲ ನೋಡಿ!

ಹೇಳಿದ್ದನ್ನು ಕೇಳಿಸಿಕೊಳ್ಳುವವರೂ ಬೇಕು, ಅದು ಆಸ್ಪತ್ರೆಯ ಪಾಲು. ನಮ್ಮ ಪಾಲಿಗೆ ಒಂದು ನೋಟ್‌ಬುಕ್ ಸಾಕು. ಎಷ್ಟು ಸಲ ವಾಂತಿ, ಊಟ ಎಷ್ಟು ಸೇರಿತು, ಯಾರೋ ಕೊಟ್ಟ ಕಷಾಯ, ಎಲ್ಲಾ ಬರೆದು ತೋರಿಸಿ. ಆದರೆ ಕಿಮೋ ಸಮಯದಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬರೆದಿಟ್ಟು ಕೂರಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ.