ಮಾಡ್ಬಿಡೋಣ ಸಾರ್

ಬುಧವಾರ ರಾತ್ರಿಯ ಈ ಹೊತ್ತಿನಲ್ಲಿ, ನಮ್ಮ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಒಣಕಸದ ಬುಟ್ಟಿಯ ಪಕ್ಕ, ಹಳೆಯ ಟವೆಲ್ಲಿನೊಳಗೆ ಸುತ್ತಿಟ್ಟ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಮಲ ಹುಟ್ಟುಹಬ್ಬದ ಹಾಡು ಹಾಡುತ್ತಿದೆ. ಭಾನುವಾರ ಸಂಜೆ ಏಳೂಕಾಲಕ್ಕೆ ಶುರುವಾದ ಹಾಡು ಇನ್ನೂ ನಿಂತಿಲ್ಲ. ಕೇಕಿನ ಮೇಲೆ ನಿಲ್ಲಿಸಿ ನಡುವಿನ ಬತ್ತಿಗೆ ಬೆಂಕಿ ತಾಗಿಸಿದರೆ ಸುರ್ರೆಂದು ಕಿಡಿ ಚಿಮ್ಮಿಸಿ, ಎಸಳು ಬಿಚ್ಚಿ, ಗಿರಗಿರನೆ ತಿರುಗುತ್ತಾ ಹಾಡುವ ಈ ಮೇಣದಬತ್ತಿಯನ್ನು ಮಕ್ಕಳಿರುವ ಮನೆಯವರೆಲ್ಲ ಕಂಡೇ ಇರುತ್ತೀರಿ. ಅದನ್ನು ಹಾಡಿಸುವುದಕ್ಕೆ ಬೆಂಕಿಯಿದೆ, ನಿಲ್ಲಿಸುವುದಕ್ಕೆ ಗುಂಡಿಯಿಲ್ಲ. ಸೋಮವಾರ ಬೆಳಿಗ್ಗೆ ಒಣಕಸದ ಚೀಲದಲ್ಲಿ ಹಾಕಿ ಕಳುಹಿಸಿದೆ. ಚೀಲದೊಳಗಿನಿಂದ ಸಂಗೀತ ಕೇಳಿ ಬೆಚ್ಚಿದ ಕಸದ ಗಾಡಿಯವರು ಅದನ್ನು ಹೊರತೆಗೆದು ತಿರುಗಿಸಿ ನೋಡಿ, ಮೇಣವೂ ಇದೆ, ಸೆಲ್ಲೂ ಇದೆ, ಕೇಕಿನ ಕೆನೆಯೂ ಅಂಟಿದೆ, ಇದು ಹಸಿಕಸವೋ ಒಣಕಸವೋ ಎಲೆಕ್ಟ್ರಾನಿಕ್ ಕಸವೋ ಎಂಬುದನ್ನು ಮೊದಲು ನೀವು ತೀರ್ಮಾನಿಸಿ ಎಂದು ನನ್ನ ಕೈಗೇ ಹಿಂತಿರುಗಿಸಿ ಹೋದರು. ವೈರನ್ನೇ ಕತ್ತರಿಸೋಣವೆಂದು ಕತ್ತರಿ ಹಿಡಿದರೆ ಮೊನ್ನೆಯಷ್ಟೇ ಐದು ತುಂಬಿದ ಮಗಳು, "ಅದು ನಂಗೋಸ್ಕರ ಹಾಡ್ತಿದೆ ಅಪ್ಪಾ" ಎಂದು ತುಟಿ ನಡುಗಿಸಿದಳು. ಹೀಗಾಗಿ ಕಮಲಕ್ಕೆ ಟವೆಲ್ಲು, ನನಗೆ ನಿದ್ದೆಗೇಡು.

ಹುಟ್ಟುಹಬ್ಬಕ್ಕೆ ಏನು ಬೇಕೆಂದು ಮಗಳನ್ನು ಕೇಳಿದ್ದು ನನ್ನದೇ ತಪ್ಪು. ನಾನು ಚಿಕ್ಕವನಿದ್ದಾಗ ಮೈಸೂರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುತ್ತಿರಲಿಲ್ಲ. ಪಂಚಾಂಗದಲ್ಲಿ ಜನ್ಮನಕ್ಷತ್ರ ನೋಡಿ, ತಲೆಗೆ ಎಣ್ಣೆನೀರೆರೆದು, ಆರತಿ ಎತ್ತಿ, ಶಾವಿಗೆ ಪಾಯಸ ಬಡಿಸಿದರೆ ಒಂದು ವರ್ಷ ದೊಡ್ಡವರಾದಂತೆ. ನನ್ನ ಮಗಳಿಗಾದರೋ ಉತ್ತರ ಸಿದ್ಧವಾಗಿತ್ತು: "ಪ್ರಿನ್ಸೆಸ್." ರಾಜಕುಮಾರಿಯೆಂದರೆ ಏನು ಕೆಲಸ ಮಾಡುವವಳು ಎಂದು ವಿಚಾರಿಸಿದೆ. "ಸುತ್ತೋದು" ಎಂದಳು. ಎಲ್ಲಿಗೆ ಸುತ್ತುವುದೆಂದು ಕೇಳಿದಾಗ ನನ್ನ ಅಜ್ಞಾನಕ್ಕೆ ಮರುಗಿ, ನಿಂತಲ್ಲೇ ಬುಗುರಿಯಂತೆ ಸುತ್ತಿ ತೋರಿಸಿದಳು. ಗೌನು ನೆಲ ಮುಟ್ಟುವಷ್ಟು ಉದ್ದವಿರಬೇಕು, ಸುತ್ತಿದರೆ ಕೊಡೆಯಂತೆ ಅರಳಬೇಕು, ಚಪ್ಪಲಿ ಟಕ್ ಟಕ್ ಎನ್ನಬೇಕು, ಕಿರೀಟ ಇರಬೇಕು, ಅರಮನೆಯಂತೂ ಇರಲೇಬೇಕು. ಹದಿನೈದು ದಿನಗಳ ಹಿಂದೆ ನಮ್ಮದೇ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಹುಡುಗನೊಬ್ಬನ ಹುಟ್ಟುಹಬ್ಬದಲ್ಲಿ ಡೈನೋಸಾರ್ ವೇಷದ ಮನುಷ್ಯನೊಬ್ಬ ಕುಣಿದು ಹೋಗಿದ್ದನಾದ್ದರಿಂದ, ಶಾವಿಗೆ ಪಾಯಸದ ಮಾತನ್ನು ನಾನು ಎತ್ತಲಿಲ್ಲ. ನಾನೂ ನನ್ನ ಹೆಂಡತಿಯೂ ಸೇರಿ ₹15,000ದ ಮಿತಿಯೊಂದನ್ನು ಹಾಕಿಕೊಂಡೆವು.

ಆ ಮಿತಿಯನ್ನು ದಾಟಿಸಲೆಂದೇ ನಮ್ಮ ಬದುಕಿಗೆ ಪ್ರವೇಶಿಸಿದವನು ಅಲಂಕಾರದ ಹುಡುಗ. ಸುಮಾರು ಇಪ್ಪತ್ತೈದರ ಪ್ರಾಯ, ಎರಡು ಮೊಬೈಲು, ಹೆಗಲಿಗೊಂದು ಚೀಲ, ಚೀಲದಲ್ಲಿ ಬಲೂನಿಗೆ ಗಾಳಿ ತುಂಬುವ ಪುಟ್ಟ ಯಂತ್ರ. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು: "ಮಾಡ್ಬಿಡೋಣ ಸಾರ್." ಆತ ಇಲ್ಲ ಎಂದದ್ದನ್ನು, ಕಷ್ಟ ಎಂದದ್ದನ್ನು, ನೋಡೋಣ ಎಂದದ್ದನ್ನು ಸಹ ನಾನು ಕೇಳಲಿಲ್ಲ. ಈ ಪದವನ್ನು ಕುರಿತು ಕಳೆದ ಮೂರು ರಾತ್ರಿಗಳಿಂದ, ಕಮಲದ ಹಿನ್ನೆಲೆ ಸಂಗೀತದಲ್ಲಿ, ನಾನು ಸಾಕಷ್ಟು ಚಿಂತನೆ ನಡೆಸಿದ್ದೇನೆ. 'ಮಾಡೋಣ' ಎಂಬುದು ಕನ್ನಡದಲ್ಲಿ ಎದುರಿನವರನ್ನೂ ಸೇರಿಸಿಕೊಳ್ಳುವ ಬಹುವಚನ. ಕೆಲಸ ಅವನದು, ಖರ್ಚು ನನ್ನದು, ಆದರೆ ಕ್ರಿಯಾಪದದಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತೇವೆ. ಅದರ ನಡುವೆ ನುಸುಳಿರುವ 'ಬಿಡು' ಇನ್ನೂ ಅಪಾಯಕಾರಿ. ಹೇಳಿಬಿಟ್ಟೆ, ಕೊಟ್ಟುಬಿಟ್ಟೆ, ಬಿದ್ದುಬಿಟ್ಟೆ ಎಂಬಲ್ಲೆಲ್ಲ ಅದು ಇನ್ನು ಹಿಂದಕ್ಕೆ ಹೋಗಲಾಗದು ಎಂಬ ಭಾವವನ್ನು ತರುತ್ತದೆಯಷ್ಟೆ? ಕೆಲಸ ಆರಂಭವಾಗುವ ಮೊದಲೇ ಮುಗಿದೇ ಹೋಯಿತೆಂಬ ನೆಮ್ಮದಿಯನ್ನು ಕೇಳುವವನಲ್ಲಿ ಹುಟ್ಟಿಸಿ, ಮುಂಗಡ ಪಡೆಯುವ ಶಕ್ತಿ ಆ ಎರಡಕ್ಷರಕ್ಕಿದೆ.

ಮಗಳು ಸಾರೋಟು ಬೇಕೆಂದಳು. "ತಂದ್ಬಿಡೋಣ" ಎಂದ. ಲಿಫ್ಟಿನಲ್ಲಿ ಸಾರೋಟು ಹಿಡಿಸುವುದಿಲ್ಲವಲ್ಲ ಎಂದು ನಾನು ಆಕ್ಷೇಪಿಸಿದೆ. "ಮಡಚ್ಬಿಡೋಣ." ಪಾರ್ಟಿ ಹಾಲಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಟೇಪು ಅಂಟಿಸುವಂತಿಲ್ಲ, ಗೋಡೆ ಕೆಟ್ಟರೆ ಠೇವಣಿ ಬರುವುದಿಲ್ಲ ಎಂದು ಸಂಘದ ನಿಯಮಗಳನ್ನು ಓದಿ ಹೇಳಿದೆ. "ಸ್ಟ್ಯಾಂಡ್ ನಿಲ್ಲಿಸ್ಬಿಡೋಣ." ರಾಜಕುಮಾರಿ ಪ್ರವೇಶಿಸುವಾಗ ಹೊಗೆ ಬರುವ ಯಂತ್ರವೂ ಇದೆಯೆಂದು ಅವನೇ ನೆನಪಿಸಿ, ನಾನು ಬಾಯಿ ತೆರೆಯುವ ಮೊದಲೇ "ಹೊಗೆ ಬಿಟ್ಬಿಡೋಣ" ಎಂದ. ಅಷ್ಟರಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ತಾಯಿ, ಹುಟ್ಟಿದ ದಿನ ದೀಪ ಹಚ್ಚುವುದನ್ನು ಕೇಳಿದ್ದೇನೆ, ಆರಿಸುವುದು ಯಾವ ಊರಿನ ಶಾಸ್ತ್ರ ಎಂದು ಕೇಕಿನ ವಿಷಯದಲ್ಲಿ ತಕರಾರು ತೆಗೆದರು. ಅದಕ್ಕೂ ಅವನಲ್ಲಿ ಪರಿಹಾರವಿತ್ತು. "ಊದೋದೇ ಬೇಡ ಅಮ್ಮಾ, ಮ್ಯೂಸಿಕ್ ಕ್ಯಾಂಡಲ್ ಹಾಕ್ಬಿಡೋಣ." ಅಮ್ಮನಿಗೆ ಸಮಾಧಾನವಾಯಿತು. ಆರದ ದೀಪವೊಂದನ್ನು ಅವರು ಬಯಸಿದ್ದರು. ಆರದ ಹಾಡು ದೊರೆಯಿತು.

ಬಂದ ಮಕ್ಕಳಿಗೆ ಹಿಂದಿರುಗುವಾಗ ಕೊಡಬೇಕಾದ ಉಡುಗೊರೆಗಳನ್ನು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಸಗಟಿಗೆ ತರುವುದೆಂದು ನಾವೇ ನಿರ್ಧರಿಸಿ, ಶನಿವಾರ ಮಧ್ಯಾಹ್ನ ಕೈಗಾಡಿಗಳ ನಡುವೆ ನುಸುಳಿ ಹೆಣ್ಣುಮಕ್ಕಳಿಗೆ ಹನ್ನೊಂದು ಕಿರೀಟ ಕೊಂಡೆವು. ಗಂಡುಮಕ್ಕಳು ಒಂಬತ್ತು ಮಂದಿ; ಅವರಿಗೇನು ಎಂದು ನಡುಬೀದಿಯಲ್ಲಿ ನಿಂತು ಫೋನು ಮಾಡಿದಾಗ ಅಲಂಕಾರದ ಹುಡುಗ, "ಕತ್ತಿ ಕೊಟ್ಬಿಡೋಣ ಸಾರ್, ರಾಜಕುಮಾರರಲ್ವಾ" ಎಂದ. ಆ ಕ್ಷಣಕ್ಕೆ ಅದೊಂದು ಅದ್ಭುತ ಸಲಹೆಯಾಗಿ ಕಂಡಿತು.

ಭಾನುವಾರ ಆರು ಗಂಟೆಗೆ ಅತಿಥಿಗಳು ಬರಬೇಕಿತ್ತು. ಐದೂ ಮುಕ್ಕಾಲಿಗೆ ಅರಮನೆ ಬಂತು. ಅದು ಸುರುಳಿ ಸುತ್ತಿದ ಫ್ಲೆಕ್ಸಿನ ರೂಪದಲ್ಲಿತ್ತು. ಬಿಡಿಸಿ ನಿಲ್ಲಿಸಿದಾಗ ಜರ್ಮನಿಯ ಬವೇರಿಯಾ ಬೆಟ್ಟದ ಮೇಲಿರುವ ನಾಯ್‌ಶ್ವಾನ್‌ಸ್ಟೈನ್ ಎಂಬ ಕೋಟೆಮನೆ ಕಾಣಿಸಿತು. ಜಗತ್ತಿನ ಮಕ್ಕಳೆಲ್ಲ ಅರಮನೆಯೆಂದು ಚಿತ್ರ ಬರೆಯುವುದು ಸಾಮಾನ್ಯವಾಗಿ ಇಂಥದ್ದನ್ನೇ. ಅದನ್ನು 1869ರಲ್ಲಿ ಕಟ್ಟಿಸತೊಡಗಿದ ದೊರೆ ಎರಡನೆಯ ಲುಡ್ವಿಗ್ ಸಾಲದಲ್ಲಿ ಮುಳುಗಿ, 1886ರಲ್ಲಿ ತೀರಿಕೊಂಡಾಗಲೂ ಕಟ್ಟಡ ಮುಗಿದಿರಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಖರ್ಚು ₹40,000 ದಾಟಿದ್ದರಿಂದ ಆ ದೊರೆಯ ಬಗ್ಗೆ ನನಗೆ ವಿಶೇಷ ಸಹಾನುಭೂತಿ ಹುಟ್ಟಿತ್ತು. ಆದರೆ ಗೋಪುರಗಳ ಮೇಲೆ ಮಗಳ ಹೆಸರಿನ ಹಿಂದೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿದ್ದ 'ಪ್ರಿನ್ಸೆಸ್' ಪದದ ತುದಿಯಲ್ಲಿ ಎರಡು 'ಎಸ್' ಇರುವಲ್ಲಿ ಒಂದೇ ಇತ್ತು. ಒಂದಕ್ಷರದ ಲೋಪದಿಂದ ನನ್ನ ಏಕೈಕ ಮಗಳು ಹಲವು ರಾಜಕುಮಾರರಾಗಿ ಪರಿವರ್ತನೆ ಹೊಂದಿದ್ದಳು.

ನಾನು ಬೆರಳು ಮಾಡಿ ತೋರಿಸಿದೆ. ಆತ ಬಹಳ ಹೊತ್ತು ತಲೆ ವಾಲಿಸಿ ನೋಡಿದ. ಪಶ್ಚಾತ್ತಾಪದ ಮಾತೊಂದನ್ನು ಕೇಳಲು ನಾನು ಕಾತರನಾಗಿದ್ದೆ. "ಒಂದು ಎಸ್ ಹಾಕ್ಬಿಡೋಣ ಸಾರ್" ಎಂದು ಹೇಳಿ, ಚೀಲದಿಂದ ಇನ್ಯಾರದೋ ಸಮಾರಂಭದಲ್ಲಿ ಉಳಿದಿದ್ದ ಚಿನ್ನದ ಬಣ್ಣದ, ಎರಡಡಿ ಎತ್ತರದ 'ಎಸ್' ಆಕಾರದ ಬಲೂನೊಂದನ್ನು ಹೊರತೆಗೆದು, ಗಾಳಿ ತುಂಬಿ, ಪದದ ಕೊನೆಗೆ ತೂಗುಹಾಕಿದ. ಗುಲಾಬಿ ಬಣ್ಣದ ಅಂಗೈಯಗಲದ ಅಕ್ಷರಗಳ ಪಕ್ಕದಲ್ಲಿ ಆ ಒಂದು ಅಕ್ಷರ ಮದುಮಗನ ಸೋದರಮಾವನಂತೆ ಎದೆಯುಬ್ಬಿಸಿ ನಿಂತಿತು. ಫ್ಯಾನಿನ ಗಾಳಿಗೆ ಅದು ಆಗಾಗ ತಿರುಗಿಕೊಳ್ಳುತ್ತಿದ್ದು, ತಿರುಗಿದಾಗಲೆಲ್ಲ ಮುಂದಿನ ಸಾಲಿನಲ್ಲಿದ್ದ, ಈಚೆಗಷ್ಟೇ ಅಕ್ಷರ ಕಲಿತಿದ್ದ ಬಾಲಕಿಯೊಬ್ಬಳು, "ಅಂಕಲ್, ಎಸ್ ಉಲ್ಟಾ ಆಯ್ತು" ಎಂದು ಕೂಗಿ ಸಭೆಗೆ ತಿಳಿಸುತ್ತಿದ್ದಳು.

ಗೌನಿನ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಏಕೆಂದರೆ ಅದು ಮೈಮೇಲಿದ್ದುದು ಇಪ್ಪತ್ತೆರಡು ನಿಮಿಷ. ಹೊಗೆಯ ನಡುವಿನಿಂದ ಕೆಮ್ಮುತ್ತಾ ಪ್ರವೇಶಿಸಿದ ರಾಜಕುಮಾರಿ ಎರಡು ಸುತ್ತು ಸುತ್ತಿ, ಅರಳಿದ್ದನ್ನು ಖಚಿತಪಡಿಸಿಕೊಂಡು, "ನೆಟ್ಟು ಚುಚ್ಚುತ್ತೆ" ಎಂದು ಅದನ್ನು ಕಳಚಿ, ಒಳಗಿದ್ದ ಮಾಸಲು ಹತ್ತಿ ಬನಿಯನ್ನು ಮತ್ತು ಲೆಗ್ಗಿಂಗ್ಸಿನಲ್ಲಿ ಉಳಿದಳು. ಕಿರೀಟ ಮಾತ್ರ ಕೆಳಗಿಳಿಯಲಿಲ್ಲ. ಬಾಡಿಗೆಗೆ ಕರೆಸಿದ್ದ ಛಾಯಾಗ್ರಾಹಕನ ಚಿತ್ರಗಳೆಲ್ಲವೂ ಹೀಗೆಯೇ ಇವೆ. ಕೇಕು ಗೊಂಬೆಯದಾಗಿತ್ತು, ಲಂಗದಷ್ಟು ಭಾಗ ಕೇಕು, ಸೊಂಟದಿಂದ ಮೇಲೆ ಪ್ಲಾಸ್ಟಿಕ್. ಹೆಣ್ಣುಮಗಳ ಹೊಟ್ಟೆಗೆ ಚಾಕು ಹಾಕುವುದನ್ನು ನೋಡಲಾರೆನೆಂದು ಅಮ್ಮ ಮುಖ ತಿರುಗಿಸಿದರು.

ಅನಾಹುತವಾದದ್ದು ಕತ್ತಿಗಳಿಂದ. ಹೋಗುವಾಗ ಕೊಡಬೇಕಾಗಿದ್ದ ಚೀಲವನ್ನು ಯಾರೋ ಬೇಗನೆ ತೆರೆದರು. ಒಂಬತ್ತು ಕತ್ತಿಗಳು ಹೊರಬಿದ್ದ ಕೂಡಲೇ ಹನ್ನೊಂದು ರಾಜಕುಮಾರಿಯರು ಕಿರೀಟಗಳನ್ನು ಕಿತ್ತೆಸೆದು, ತಮಗೂ ಕತ್ತಿಯೇ ಬೇಕೆಂದು ಹಠ ಹಿಡಿದರು. ಇಪ್ಪತ್ತು ಮಕ್ಕಳು, ಒಂಬತ್ತು ಕತ್ತಿ: ಇಂಥ ಲೆಕ್ಕಾಚಾರದಿಂದಲೇ ಇತಿಹಾಸದ ಯುದ್ಧಗಳೆಲ್ಲ ನಡೆದಿರಬೇಕು. ಬಲೂನುಗಳ ಕಮಾನು ಮೊದಲು ಉರುಳಿತು. ಪಟಪಟನೆ ಬಲೂನು ಸಿಡಿಯುವ ಸದ್ದಿಗೆ ಕಾವಲುಗಾರ ಓಡಿಬಂದ. ನನ್ನ ಮಗಳು ಬನಿಯನ್ನಿನಲ್ಲಿಯೇ ಸೇನಾಪತ್ಯ ವಹಿಸಿ ಕೋಟೆಗೆ ಲಗ್ಗೆ ಹಾಕಿದಾಗ, ಟೇಪಿಲ್ಲದ, ಮೊಳೆಯಿಲ್ಲದ ಆ ಸ್ಟ್ಯಾಂಡು ಒಮ್ಮೆ ಓಲಾಡಿ, ಬವೇರಿಯಾ ಸಮೇತ ಪಲಾವಿನ ಪಾತ್ರೆಯ ಮೇಲೆ ಮಲಗಿತು.

ಆಮೇಲೆ ನೆಲದ ಮೇಲೆ ಬಿದ್ದ ಅರಮನೆಯನ್ನು ಕಂಡು, ಯುದ್ಧದ ಹುರುಪು ಇಳಿದು ಮಗಳು ಅಳತೊಡಗಿದಳು. ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಳಬೇಡ ಮಗು, ನಮ್ಮ ಮೈಸೂರಲ್ಲಿ ನಿಜವಾದ ರಾಜಕುಮಾರಿ ಮದುವೇಲಿ ನಿಜವಾದ ಅರಮನೇನೇ ಸುಟ್ಟುಹೋಗಿತ್ತು" ಎಂದರು. ಕಥೆಯಲ್ಲ, ನಡೆದ ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ, 1897ರಲ್ಲಿ, ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ನಾವು ಭಾನುವಾರಗಳಂದು ದೀಪಾಲಂಕಾರ ನೋಡಲು ಹೋಗುವ ಅರಮನೆ ಅದಾದ ಬಳಿಕ ₹41 ಲಕ್ಷಕ್ಕೂ ಹೆಚ್ಚು ವೆಚ್ಚದಲ್ಲಿ ಎದ್ದು, 1912ರಲ್ಲಿ ಪೂರ್ಣಗೊಂಡಿತು. ಮಗಳು ಮೂಗು ಒರೆಸಿಕೊಂಡು, "ಆ ಪ್ರಿನ್ಸೆಸ್ ಅತ್ಲಾ ಅಜ್ಜಿ?" ಎಂದು ಕೇಳಿದಳು. ಅಮ್ಮ ಸುಮ್ಮನಾದರು. ಅಂಬಾರಿ, ಆನೆ, ದರ್ಬಾರು ಎಂದು ದಿನವಿಡೀ ಹೇಳಬಲ್ಲ ಅವರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅದೇ ರಾಜಕುಮಾರಿಗೆಂದು 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಮಹಲು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿದೆ. ಈಗ ಅಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಓದುವ ದಿನಗಳಲ್ಲಿ ಅದರ ಮುಂದೆ ಕೂತು ಎಷ್ಟೋ ಸಂಜೆ ಕಡಲೆಕಾಯಿ ಬಿಡಿಸಿ ತಿಂದಿದ್ದೇನೆ. ಅದು ಒಬ್ಬಳು ಹುಡುಗಿಯ ಮನೆಯಾಗಿತ್ತೆಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಕೇಕಿನ ಮೇಲೆ ಗೊಂಬೆ ಅರ್ಧ ಲಂಗದಲ್ಲಿ ನಿಂತಿತ್ತು, ಕಮಲ ಹಾಡುತ್ತಲೇ ಇತ್ತು. ಮಿಂಚುಪುಡಿಯ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ಮಂಗಳವಾರದ ಸಭೆಯಲ್ಲಿ ನಮ್ಮ ಮೇಲಧಿಕಾರಿ ನಾನು ಮಂಡಿಸಿದ ಲೆಕ್ಕಕ್ಕಿಂತ ಹೆಚ್ಚಾಗಿ ನನ್ನ ಎಡಗಿವಿಯ ಕಡೆಗೇ ಗಮನ ಕೊಟ್ಟಿದ್ದರೆಂದು ತಿಳಿಸಿದರೆ ಸಾಕು.

ಈಗ್ಗೆ ಅರ್ಧ ಗಂಟೆಯ ಕೆಳಗೆ ಅಲಂಕಾರದ ಹುಡುಗನಿಂದ ವಾಟ್ಸಾಪಿನಲ್ಲಿ ಬಾಕಿಯ ಚೀಟಿ ಬಂದಿದೆ. ಸಾರೋಟು ಮಡಚಿದ್ದಕ್ಕೆ ₹500, ಹೊಗೆಗೆ ₹1,200, ಪಲಾವು ಬಿದ್ದ ಫ್ಲೆಕ್ಸಿಗೆ ₹800. ಕೊನೆಯ ಸಾಲನ್ನು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದೆ: "ಎಕ್ಸ್‌ಟ್ರಾ ಎಸ್, ₹250." ಅದರ ಕೆಳಗೆ, "ಇವತ್ತು ಪೇಮೆಂಟ್ ಮಾಡ್ತೀರಾ ಸಾರ್?" ಎಂಬ ಪ್ರಶ್ನೆ, ಜೊತೆಗೆ ಕೈಮುಗಿದ ಚಿತ್ರ. ಟವೆಲ್ಲಿನೊಳಗಿನ ಸ್ವರ ನಿನ್ನೆಗಿಂತ ಕೊಂಚ ಇಳಿದು, ಹಾಡು ಎಳೆದೆಳೆದು ಬರುತ್ತಿದೆ; ಆದರೂ ನಿಲ್ಲುವ ಲಕ್ಷಣವಿಲ್ಲ. ನಾನು ಬಹಳ ಯೋಚಿಸಿ, ಅವನ ಭಾಷೆಯಲ್ಲಿಯೇ, ಒಂದೇ ಪದದ ಉತ್ತರ ಕಳುಹಿಸಿದ್ದೇನೆ.

"ಮಾಡ್ಬಿಡೋಣ."